ಇಬ್ಬನಿ ಆರುವ ಮೊದಲು

ಡಿ. 5, 2024, ಗುರುವಾರ

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದೆ. ಫ್ಯಾಟ್ ಕಮ್ಮಿ ಅಂತ ಮತ್ತೆ ಅದೇ ರಾಗ. ಹಸು ತಿನ್ನೋ ಹುಲ್ಲಿನ ಮೇಲೆ ಕಲ್ಲುಪುಡಿ ಕೂತಿರುತ್ತೆ, ಫ್ಯಾಟ್ ಎಲ್ಲಿಂದ ಬರಬೇಕು. ಕ್ರಷರ್ ಶುರುವಾಗಿ ಮೂರು ವರ್ಷ. ರಸ್ತೆ ಪಕ್ಕದ ತೆಂಗಿನ ಗರಿ ಹಸಿರು ಅನ್ನೋದು ಈಗ ಮಳೆಗಾಲದಲ್ಲಿ ಮಾತ್ರ ಗೊತ್ತಾಗುತ್ತೆ.

ಕಾಲೇಜಿನಲ್ಲಿ ಎರಡು ಪೀರಿಯಡ್. ಸೆಕೆಂಡ್ ಪಿಯು ಹಿಸ್ಟರಿ. ಮೂವತ್ತು ಜನರಲ್ಲಿ ಎಚ್ಚರವಿದ್ದವರು ನಾಲ್ಕು ಜನ, ನಾನೂ ಸೇರಿ.

ಸಂಜೆ ಡೇರಿ ಕಟ್ಟೆ ಮೇಲೆ ಪುನೀತ್ ಸಿಕ್ಕ. ನನ್ನ ಹಳೇ ಸ್ಟೂಡೆಂಟ್, ಈಗ ತೆಂಗಿನಕಾಯಿ ಸುಲಿಯೋ ಮೆಷಿನ್ ಇಟ್ಟಿದ್ದಾನೆ. ಜೊತೆಗೆ ಇನ್ನೂ ನಾಲ್ವರು. ಮಾತು ಅಂಕಮ್ಮತ್ತೆ ಕಡೆಗೇ ಹೋಯಿತು. ಅಪ್ಪನ ತಂಗಿ. ಅಕ್ಟೋಬರ್‌ನಲ್ಲಿ ಹಾಲಿನ ಕ್ಯಾನ್ ಹಿಡಿದು ಇದೇ ಡೇರಿಗೆ ಬರುತ್ತಿದ್ದವಳ ಮೇಲೆ ಕ್ರಷರ್ ಟಿಪ್ಪರ್ ಹತ್ತಿಸಿದರು. ಅಲ್ಲೇ ಸತ್ತಳು. ಡ್ರೈವರ್ ನಾಪತ್ತೆ. ಟಿಪ್ಪರ್ ಮಾತ್ರ ಮುಂದಿನ ವಾರವೇ ರಸ್ತೆ ಮೇಲೆ. ಅರ್ಜಿ ಮೇಲೆ ಅರ್ಜಿ ಕೊಟ್ಟೆವು. ಎಲ್ಲಾ ನಾನೇ ಬರೆದದ್ದು — ಸುತ್ತ ಹತ್ತು ಹಳ್ಳಿಗೆ ಅರ್ಜಿ ಬರೆಯೋ ಮೇಷ್ಟ್ರು ನಾನೇ ತಾನೆ. ಒಂದಕ್ಕೂ ಉತ್ತರ ಇಲ್ಲ.

"ಏನ್ ಮಾಡಾದು ಸಾರ್, ನೀವೇ ಹೇಳಿ."

ಹೇಳಿದೆ. 1920ರ ಐರ್ಲೆಂಡ್ ಕಥೆ ಹೇಳಿದೆ. ಸಿಲಬಸ್‌ನಲ್ಲಿಲ್ಲ, ನನಗೆ ಇಷ್ಟ. ಬ್ರಿಟಿಷರ ಎದುರು ರೈತರ ಮಕ್ಕಳು. ಬಂದೂಕು ಕಮ್ಮಿ, ಆದರೆ ಊರಿನ ಸಂದಿಗೊಂದಿ ಗೊತ್ತು. ರಸ್ತೆ ಇಕ್ಕಟ್ಟಾಗೋ ಜಾಗ ನೋಡಿ, ಮಿಲಿಟರಿ ಲಾರಿ ನಿಲ್ಲಿಸಿ, ದಿಬ್ಬದ ಮೇಲಿಂದ ಹೊಡೆದು, ಹೊಲಗಳಲ್ಲಿ ಮಾಯ ಆಗೋರು. ಐವರೂ ಕಣ್ಣು ಮಿಟುಕಿಸದೆ ಕೇಳಿದರು. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಇಂಥ ಕ್ಲಾಸ್ ಸಿಕ್ಕಿರಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಡಿ. 8, ಭಾನುವಾರ

ಪುನೀತ್ ಮನೆಗೇ ಬಂದ. "ಸಾರ್, ಜಾಗ ನೋಡ್ಕಂಡ್ ಬಂದ್ವಿ. ಈಚಲಹಳ್ಳದ ಇಳುಕಲು."

ಬೈದು ಕಳಿಸಬೇಕಿತ್ತು. ಪೇಪರ್ ತಗೊಂಡು ನಕ್ಷೆ ಬರೆದೆ. ನಮ್ಮ ತೋಟದ ಬದುವಿನ ಮೇಲೆ ನಡೆದರೆ ನೇರ ಹಳ್ಳಕ್ಕೆ ಹೋಗಬಹುದು. ಪರ್ಮಿಟ್ ಇಲ್ಲದ ಲೋಡ್‌ಗಳು ಸಾಗೋದು ಭಾನುವಾರ ಬೆಳಗಾಗೋ ಹೊತ್ತಿಗೆ. ಅಂಕಮ್ಮತ್ತೆ ಗಂಡ ದೊಡ್ಡಣ್ಣಮಾವ ರೋಗ ಬಂದ ಎರಡು ತೆಂಗಿನ ಮರ ಕಡಿಸಿದ್ದಾನೆ, ದಿಮ್ಮಿ ಅಲ್ಲೇ ಬಿದ್ದಿವೆ. ಟಿಪ್ಪರ್ ಮುಂದಕ್ಕೆ ಒಂದು, ಹಿಂದಕ್ಕೆ ಒಂದು. ಡ್ರೈವರನ್ನು ಇಳಿಸಿ ಕಳಿಸೋದು. ಟೈರ್ ಕುಯ್ಯೋದು. ಯಾರ ಮೈಗೂ ಕೈ ಹಚ್ಚಬಾರದು — ಇದನ್ನು ಮೂರು ಸಲ ಹೇಳಿದೆ.

ನಯನ ಬಗ್ಗಿ ನೋಡಿದಳು. "ಏನ್ರೀ ಇದು?" ಟೆಸ್ಟಿಗೆ ಮ್ಯಾಪ್ ಅಂದೆ. ಹೆಂಡತಿಗೆ ಹೇಳಿದ ಮೊದಲನೇ ಸುಳ್ಳೇನಲ್ಲ. ಆದರೂ ಬರೆದಿಡುತ್ತೇನೆ.

ಡಿ. 12, ಗುರುವಾರ

ಹೆಜ್ಜೆ ಗುರುತಿನ ಚಿಂತೆ ಇತ್ತು. ಬದು ಮೆತ್ತಗಿದೆ. ಆರು ಜನ ನಡೆದರೆ ಅಚ್ಚು ಒತ್ತಿದ ಹಾಗೆ ಕೂರುತ್ತೆ.

ಇವತ್ತು ಬ್ಲ್ಯಾಕ್‌ಬೋರ್ಡ್ ಒರೆಸುವಾಗ ಹೊಳೆಯಿತು. ಕುರಿ! ತೋಟಕ್ಕೆ ಕುರಿ ತರುಬಿಸಿ ಎರಡು ವರ್ಷ ಆಯಿತು. ಗೊಲ್ಲರಹಟ್ಟಿ ಚಿತ್ತೇಶನಿಗೆ ಫೋನ್ ಮಾಡಿದೆ. ಶನಿವಾರ ರಾತ್ರಿ ಅವನ ಇನ್ನೂರು ಕುರಿ ನಮ್ಮ ತೋಟದಲ್ಲಿ ಮಲಗುತ್ತವೆ. ಗೊಬ್ಬರ ನಮಗೆ, ರಾಗಿ ಅವನಿಗೆ. ಬೆಳಿಗ್ಗೆ ಬದುವಿನ ಮೇಲೇ ಮಂದೆ ಹೊಡೆಸಿದರೆ ಎಂಟುನೂರು ಗೊರಸು. ಹೆಜ್ಜೆ ಯಾವನು ಹುಡುಕ್ತಾನೆ.

ಪುನೀತ್ "ಸಾರ್, ಸೂಪರ್" ಅಂದ. ಬೀಗಿದೆ.

ಡಿ. 15, ಭಾನುವಾರ, ಬೆಳಿಗ್ಗೆ 9.30

ಆದ ಹಾಗೆ ಬರೀತೀನಿ.

5.40. ಇನ್ನೂ ಮಬ್ಬು. ನಾನು ಬದುವಿನ ಮೇಲೆ, ಟವೆಲ್ ಬೀಸೋದು ನನ್ನ ಕೆಲಸ. ಟಿಪ್ಪರ್ ಬಂತು. ಬೀಸಿದೆ. ದಿಮ್ಮಿ ಉರುಳಿಸಿದರು. ನಿಲ್ಲಬೇಕಿತ್ತು. ಇಬ್ಬನಿಗೆ ರಸ್ತೆ ಒದ್ದೆ, ಮೇಲೆ ಕಲ್ಲುಪುಡಿ. ಬ್ರೇಕ್ ಹಿಡಿಯಲಿಲ್ಲ. ಜಾರಿ, ದಿಮ್ಮಿಗೆ ಬಡಿದು, ಮಗ್ಗುಲಾಗಿ ಹಳ್ಳಕ್ಕೆ ಹೋಯಿತು. ಲೋಡೆಲ್ಲಾ ಕ್ಯಾಬಿನ್ ಮೇಲೆ.

ಒಳಗಿಂದ ಡ್ರೈವರ್ ಕೂಗಿದ. "ಅಣ್ಣಾ... ಅಣ್ಣಾ..." ಕರೆದದ್ದು ನಮ್ಮನ್ನೇ. ನಮ್ಮ ತಲೆ ಕಂಡಿರಬೇಕು.

108ಕ್ಕೆ ಮಾಡೋಣ ಅಂತ ಫೋನ್ ತೆಗೆದೆ. ಪುನೀತ್ ಕೈ ಹಿಡಿದ. "ನಂಬರ್ ಸಿಗ್ತದೆ ಸಾರ್! ಹಿಂದ್ಗಡೆ ಇನ್ನೊಂದ್ ಗಾಡಿ ಬತ್ತೈತೆ, ಅವ್ರು ನೋಡ್ಕತಾರೆ. ಓಡಿ." ಫೋನ್ ಜೇಬಿಗೆ ಹಾಕಿದೆ. ಓಡಿದೆ. ನಲವತ್ತೇಳು ವರ್ಷದವನು, ಪಂಚೆ ಎತ್ತಿ ಕಟ್ಟಿ, ಓಡಿದೆ.

6.10. ಚಿತ್ತೇಶ ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ಮಂದೆ ಎಬ್ಬಿಸು ಅಂದೆ.

"ಇಬ್ಬನಿ ಆರ್ಲಿ ಮೇಷ್ಟ್ರೆ. ಈಗ ಬುಟ್ರೆ ಒದ್ದೆ ಹುಲ್ಗೆ ಬಾಯಾಕ್ತವೆ, ಹೊಟ್ಟೆ ಕೆಡ್ತದೆ. ಒಂಬತ್ ಗಂಟೆ ಮುಂಚೆ ನಾವು ಯಾವತ್ತೂ ಬುಡಾಕಿಲ್ಲ."

"ತೋಟಕ್ಕೆ ನೀರು ಬಿಡಬೇಕು ಕಣಪ್ಪ. ಬದುವಿನ ಮೇಲೇ ಹೊಡ್ಕೊಂಡು ಹೋಗು, ಬೇಗ."

ಅವನು ನನ್ನ ಕಾಲು ನೋಡಿದ. ಮೊಣಕಾಲವರೆಗೂ ಕೆಸರು. "ಅದೇನೋ ಸದ್ದಾಯ್ತಲ್ಲ ಮೇಷ್ಟ್ರೆ?" ಕ್ರಷರ್‌ನವರು ಬ್ಲಾಸ್ಟ್ ಮಾಡಿರಬೇಕು ಅಂದೆ. ಬೆಂಕಿ ಮೇಲೆ ಮಣ್ಣು ಎಳೆದ. ಆಮೇಲೆ "ಆಯ್ತು ಬುಡಿ" ಅಂದು ಎದ್ದ. ರಾತ್ರಿ ನಮ್ಮ ಮನೆಯಲ್ಲಿ ಮುದ್ದೆ ಉಂಡಿದ್ದ.

ಬದು ಈಗ ನುಣ್ಣಗಿದೆ. ಗೊರಸು ಬಿಟ್ಟರೆ ಏನೂ ಇಲ್ಲ. ಐಡಿಯಾ ಫಲಿಸಿತು.

ಡಿ. 16, ಸೋಮವಾರ

ಡ್ರೈವರ್ ಬದುಕಿದ್ದಾನೆ. ಹಿಂದಿನ ಗಾಡಿಯವರು ಎಳೆದು ಹಾಕಿದರಂತೆ, ಮುಕ್ಕಾಲು ಗಂಟೆ ಹಿಡಿಯಿತಂತೆ. ಬಲಗಾಲು ತೆಗೆದರು. ವೀರಭದ್ರಯ್ಯ ಅಂತ ಹೆಸರು, ಗುಬ್ಬಿ ಕಡೆಯವನು. ಕೆಲಸಕ್ಕೆ ಸೇರಿ ಒಂದು ತಿಂಗಳು. ಅಂಕಮ್ಮತ್ತೆ ಮೇಲೆ ಹತ್ತಿಸಿದವನು ಇವನಲ್ಲ.

ಡ್ರೈವರ್ ಕಾಲು ಹೋದದ್ದನ್ನು ದೊಡ್ಡಣ್ಣಮಾವನಿಗೆ ಹೇಳಿದೆ. ಬೀಡಿ ಆರಿಸಿ ಕೂತ. "ಅವಳ್ಗೆ ಎರಡೂ ಕಾಲಿದ್ವು ಕಣಪ್ಪ. ಎದ್ ಬಂದ್ಲಾ?" ಅಂದ. ಆಮೇಲೆ, ಆರಿದ ಬೀಡಿ ಮತ್ತೆ ಹಚ್ಚಿ, "ಅವನಿಗೆ ಮಕ್ಕಳೆಷ್ಟಂತೆ?" ಅಂತ ಕೇಳಿದ.

ಕೇಳಿಲ್ಲ ನಾನು. ಕೇಳೋಕೆ ಧೈರ್ಯ ಇಲ್ಲ.

ಡಿ. 18, ಬುಧವಾರ

ಸಬ್ ಇನ್ಸ್‌ಪೆಕ್ಟರ್ ಮನೆಗೆ ಬಂದಿದ್ದ. ಮರ್ಯಾದೆಯ ಮನುಷ್ಯ. ಲೆಕ್ಚರರ್ ಅಂತ ಗೊತ್ತಾಗಿ, ಕೂರಿ ಅನ್ನೋವರೆಗೂ ಕೂರಲಿಲ್ಲ.

"ನಮ್ಮಪ್ಪನೂ ಕುರಿ ಕಾದೋರು ಸರ್. ಇಬ್ಬನೀಲಿ ಯಾವನಾದ್ರೂ ಮಂದೆ ಬಿಡ್ತಾನಾ? ಚಿತ್ತೇಶ ಆರೂವರೆಗೇ ಹೊಡ್ಕೊಂಡು ಹೋಗಿದಾನೆ, ಹಾಲಿನೋರು ನೋಡಿದಾರೆ. ಹೆಜ್ಜೆ ಅಳಿಸೋಕೇ ಹೋಗಿರೋದು."

ತೋಟದಲ್ಲೇ ಹುಟ್ಟಿ ಬೆಳೆದವನು ನಾನು. ಗೊಲ್ಲರು ಇಬ್ಬನಿಯಲ್ಲಿ ಮಂದೆ ಬಿಡೋದಿಲ್ಲ ಅಂತ ಈ ಸೀಮೆಯ ಕೂಸಿಗೂ ಗೊತ್ತು. ಚಿತ್ತೇಶ ಬಾಯಿಬಿಟ್ಟು ಹೇಳಿದ್ದ ಬೇರೆ. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ. ಹೆಜ್ಜೆ ಅಳಿಸಲಿಲ್ಲ ನಾನು, ಅವನ ಹೆಸರು ಬರೆದಿಟ್ಟು ಬಂದೆ.

ಹೋದ ವರ್ಷ ಅವನ ಮೂರು ಕುರಿ ಟಿಪ್ಪರ್‌ಗೆ ಸಿಕ್ಕಿ ಸತ್ತಿದ್ದವು. ಕ್ರಷರ್ ಗೇಟಿನ ಮುಂದೆ ಮಣ್ಣು ತೂರಿ, ನಿಮ್ಮ ಗಾಡಿ ಮಗುಚಿ ಬೀಳ್ಲಿ ಅಂತ ಶಾಪ ಹಾಕಿದ್ದ. ಅದೂ ಗೊತ್ತು ಅವರಿಗೆ.

"ನೀವೇನಾದ್ರೂ ಬೇಗ ಹೊರಡು ಅಂದಿದ್ರಾ ಸರ್?"

ನಯನ ಟೀ ತಂದಳು.

"ಇಲ್ಲ. ಏಳು ಗಂಟೆವರೆಗೂ ಮಲಗಿದ್ದೆ."

ಲೋಟ ಕೊಡುವಾಗ ಅವಳ ಕೈ ತಡೆಯಿತು. ಅವಳು ಐದು ಗಂಟೆಗೇ ಎದ್ದವಳು. ನನ್ನ ಮುಖ ನೋಡದೆ ಒಳಗೆ ಹೋದಳು.

ಮಧ್ಯಾಹ್ನ ಚಿತ್ತೇಶನನ್ನು ಕರೆದುಕೊಂಡು ಹೋದರು.

ಡಿ. 19, ಗುರುವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೆಳಿಗ್ಗೆ ಹನ್ನೊಂದಕ್ಕೆ ಎರಡು ಜೀಪ್ ಹಟ್ಟಿಗೆ ಹೋಗಿವೆ. ಕ್ರಷರ್ ಕಡೆಯ ಹುಡುಗರು. ಗಂಡಸರೆಲ್ಲ ಕುರಿ ಹಿಂದೆ ಹೋಗಿದ್ದ ಹೊತ್ತು. ಹೆಂಗಸರನ್ನು ಆಚೆ ನಿಲ್ಲಿಸಿ, ನೀರಿನ ತೊಟ್ಟಿ ಒಡೆದು, ಚಿತ್ತೇಶನ ಕುರಿ ರೊಪ್ಪಕ್ಕೆ ಬೆಂಕಿ ಇಟ್ಟರು. ಒಣಮುಳ್ಳಿನ ಬೇಲಿ. ಎಷ್ಟು ಹೊತ್ತು ಬೇಕು.

ಎಳೇ ಮರಿಗಳನ್ನು ಮಂದೆ ಜೊತೆ ಕಳಿಸೋದಿಲ್ಲ. ರೊಪ್ಪದಲ್ಲೇ ಬಿಟ್ಟಿರುತ್ತಾರೆ. ಇಪ್ಪತ್ತಮೂರು ಇದ್ದವು.

ಡೇರಿಯಲ್ಲಿ ಹೇಳಿದರು. ಕ್ಯಾನ್ ಅಲ್ಲೇ ಬಿಟ್ಟು ಬಂದಿದ್ದೇನೆ.

ಡಿ. 20, ಶುಕ್ರವಾರ

ಹಟ್ಟಿಗೆ ಹೋದೆ. ರಾಗಿ ಮೂಟೆ ಹೊತ್ತುಕೊಂಡು. ಕುರಿ ತರುಬಿದ ಬಾಬ್ತು ಕೊಟ್ಟಿರಲಿಲ್ಲ, ಅದೇ ನೆಪ.

ಚಿತ್ತೇಶನ ತಾಯಿ ಜುಂಜಮ್ಮ ಕಂಬಳಿ ಹಾಸಿ ಕೂರಿಸಿದಳು. "ನೀವಾರ ಬಂದ್ರಲ್ಲ ಮೇಷ್ಟ್ರೆ. ಊರೋರು ಒಬ್ರೂ ಇತ್ಲಾಗೆ ತಲೆ ಆಕ್ಲಿಲ್ಲ."

ತಾಯಿಕುರಿಗಳು ಸುಟ್ಟ ಜಾಗದ ಸುತ್ತ ನಿಂತಿದ್ದವು. ನಿನ್ನೆ ಸಂಜೆಯಿಂದ ಕೂಗುತ್ತಲೇ ಇವೆಯಂತೆ. ಕೆಚ್ಚಲು ಕಲ್ಲಾಗಿವೆ. ಜುಂಜಮ್ಮ ಒಂದೊಂದನ್ನೇ ಹಿಡಿದು ಹಾಲು ಹಿಂಡಿ ನೆಲಕ್ಕೆ ಚೆಲ್ಲುತ್ತಿದ್ದಳು. ನನಗೂ ಒಂದು ಕುರಿ ಹಿಡಿದುಕೊಳ್ಳಿ ಅಂದಳು. ಹಿಡಿದುಕೊಂಡೆ. ಅದು ನನ್ನ ಕೈ ನೆಕ್ಕಿತು.

ಐರ್ಲೆಂಡಿನ ಪಾಠ ಅರ್ಧ ಮಾತ್ರ ಹೇಳಿದ್ದೆ ನಾನು. ಉಳಿದರ್ಧ ಇದು — ಹೊಂಚು ಹಾಕಿ ಹೊಡೆದವರು ಸಿಗುತ್ತಿರಲಿಲ್ಲ. ಮಾರನೇ ದಿನ ಸೈನಿಕರು ಬಂದು ಸಿಕ್ಕವರ ಮನೆ ಸುಡುತ್ತಿದ್ದರು. ರೈತರು ಸೇರಿ ಕಟ್ಟಿಕೊಂಡಿದ್ದ ಹಾಲಿನ ಡೇರಿಗಳನ್ನೂ ಸುಟ್ಟರು. ಗೊತ್ತಿತ್ತು ನನಗೆ. ಡೇರಿ ಕಟ್ಟೆ ಮೇಲೇ ಕೂತಿದ್ದೆ, ಹೇಳಲಿಲ್ಲ. ಕಥೆ ಕೆಡುತ್ತಿತ್ತಲ್ಲ.

ಡಿ. 27, ಶುಕ್ರವಾರ

ವಾರದಿಂದ ಬರೆದಿಲ್ಲ. ಬರೆಯೋಕೆ ಕೂತರೆ ಅದೇ ಬರುತ್ತೆ.

ಇವತ್ತು ರಜೆ ಹಾಕಿ ಸಬ್ ಜೈಲಿಗೆ ಹೋದೆ. ಚಿತ್ತೇಶ ಜಾಲರಿ ಆಚೆ ಬಂದು ನಿಂತ. ಕೆಳತುಟಿ ಊದಿತ್ತು. ನಾನು ಬಾಯಿ ತೆರೆಯೋ ಮುಂಚೆ ಅವನೇ ಕೇಳಿದ:

"ಮರಿಗೋಳು ಎಂಗವೆ ಮೇಷ್ಟ್ರೆ?"

ಯಾರೂ ಹೇಳಿಲ್ಲ ಅವನಿಗೆ.

"ಚೆನ್ನಾಗಿವೆ."

"ಒಂದು ಕರೀದು, ಬಿಳೀ ಕಿವಿದು, ಮೊಲೆ ಇಡಿತಿರ್ಲಿಲ್ಲ. ಅವ್ವಂಗೆ ಹೇಳಿ, ಹಾಲ್ಗೆ ಬೆರಳದ್ದಿ ಕುಡಿಸ್ಲಿ."

ಹೇಳ್ತೀನಿ ಅಂದೆ. ಈ ಸುಳ್ಳಿಗೆ ಯಾವ ನರಕ ಇದೆಯೋ.

ಪೊಲೀಸರು ಏನು ಕೇಳಿದರು ಅಂದೆ.

"ಇಬ್ಬನೀಲಿ ಯಾಕ್ ಬುಟ್ಟೆ, ಯಾರ್ ಬುಡು ಅಂದ್ರು ಅಂತ. ದಿನಾ ಅದೊಂದೇಯ."

"ನೀನೇನಂದೆ?"

"ನಿಮ್ಮನೆ ಮುದ್ದೆ ಉಂಡಿದ್ನಲ್ಲ. ತರುಬಿದ ತೋಟದೋರ ಮ್ಯಾಲೆ ನಾವು ಮಾತಾಡಾಕಿಲ್ಲ." ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. "ನಮ್ ಪೈಕಿ ಅಂಗೆ. ನಿಮ್ ಪೈಕಿ ಎಂಗೋ."

ಟೈಮ್ ಆಯಿತು ಅಂದರು. ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಹುಷಾರಿಲ್ವಾ ಅಂತ ಕೇಳಿದರು.

ಜ. 2, 2025, ಗುರುವಾರ

ಹೊಸ ಡೈರಿ ತಗೊಳ್ಳಲಿಲ್ಲ. ಇದರಲ್ಲೇ ಹಿಂದಿನ ಪುಟಗಳಿವೆ.

ಪುನೀತ್‌ಗೆ ಹೇಳಿಬಿಟ್ಟೆ — ಸ್ಟೇಷನ್ನಿಗೆ ಹೋಗ್ತೀನಿ, ನನ್ನ ಹೆಸರು ಮಾತ್ರ ಕೊಡ್ತೀನಿ.

"ನೀವೊಬ್ರೇ ದಿಮ್ಮಿ ಉರುಳ್ಸಿದ್ರಾ ಸಾರ್? ನಂಬ್ತಾರಾ? ನೀವ್ ಬಾಯ್ ಬುಟ್ರೆ ಆರು ಮನೆ ಹಾಳಾಯ್ತವೆ." ಮೆಷಿನ್ ಆಫ್ ಮಾಡಿದ. ಮೈಯೆಲ್ಲಾ ಸಿಪ್ಪೆ ನಾರು. "ವಕೀಲರನ್ನ ಇಡಾಣ. ಮರಿಗಳ ದುಡ್ಡು ನಾವ್ ಹಾಕ್ಕೊಡಾಣ. ಅವ್ನು ಎಂಗಿದ್ರೂ ಹೇಳಾಕಿಲ್ಲ, ಬುಡಿ."

ಕೊನೆಯ ಮಾತು ಕೇಳಿ ಹೊಡೆಯೋ ಹಾಗಾಯಿತು. ಯಾಕೆಂದರೆ ಎರಡು ವಾರದಿಂದ ಒಳಗೊಳಗೆ ನಾನೂ ಅದನ್ನೇ ನೆಚ್ಚಿಕೊಂಡಿದ್ದೆ.

ಅವನು ಅತ್ತ. "ನೀವ್ ತಾನೆ ಸಾರ್ ಹೇಳ್ಕೊಟ್ಟಿದ್ದು."

ಹೌದು. ನಾನೇ.

ಊಟಕ್ಕೆ ಕೂತಾಗ ನಯನ ಹೇಳಿದಳು, ಸಾರು ಬಡಿಸುತ್ತಾ, ಬೇರೆ ಯಾರದೋ ವಿಷಯ ಅನ್ನೋ ಹಾಗೆ: "ಏಳು ಗಂಟೆವರೆಗೂ ಮಲಗಿದ್ದೆ ಅಂದ್ರಲ್ಲ. ಅವತ್ತಿಂದ ಒಂದು ದಿನನೂ ನೀವು ಕಣ್ಣು ಮುಚ್ಚಿದ್ದು ನಾನು ಕಂಡಿಲ್ಲ." ಎಲ್ಲಾ ಗೊತ್ತು ಅವಳಿಗೆ. ಎಷ್ಟು ದಿನದಿಂದಲೋ.

ಜ. 5, ಭಾನುವಾರ, ಸಂಜೆ

ಜುಂಜಮ್ಮ ಬಂದಿದ್ದಳು. ನಡೆದೇ ಬಂದಿದ್ದಳು. ಪೊಲೀಸ್ ದೊಡ್ಡ ಸಾಹೇಬರಿಗೆ ಅರ್ಜಿ ಬೇಕಂತೆ. ಅರ್ಜಿ ಅಂದರೆ ಎಲ್ಲರೂ ಬರೋದು ನನ್ನ ಹತ್ತಿರವೇ.

ಜಗಲಿ ಮೇಲೆ ಕೂತು ಬರೆದೆ. ಅವಳು ಹೇಳಿದ ಹಾಗೆ — ಮಗ ಒಳ್ಳೆಯವನು, ಒಬ್ಬನೇ ಮಗ, ಯಾರ ತಂಟೆಗೂ ಹೋದವನಲ್ಲ, ಮರಿಗಳು ಸುಟ್ಟುಹೋದವು. ಆರು ಸಾಲು ಸರಾಗ ಬಂತು. ಅಕ್ಷರ ದುಂಡಗೆ ಕೂತವು. ಏಳನೆಯದಕ್ಕೆ ಬಂದಾಗ ಅವಳು ತಡೆದಳು.

"ಇಬ್ಬನೀಲಿ ಯಾಕ್ ಕುರಿ ಬುಟ್ಟ ಅಂತ ಬರೀಲೇಬೇಕಂತೆ, ವಕೀಲ್ರು ಅಂದ್ರು. ನಂಗೂ ತಿಳೀದು ಮೇಷ್ಟ್ರೆ. ಕೇಳುದ್ರೆ ತಲೆ ಬಗ್ಗಿಸ್ತಾನೆ. ನೀವ್ ಓದ್ದೋರು, ಏನಾರ ನೋಡಿ ಬರೀರಿ."

ಪೆನ್ನು ನಿಂತಿತು. ಅಲ್ಲೇ ಹೇಳಬಹುದಿತ್ತು. ಇಬ್ಬರೇ ಇದ್ದೆವು.

"ಬೇರೊಂದು ತೋಟಕ್ಕೆ ಹೋಗುವ ಅವಸರದಲ್ಲಿ" ಅಂತ ಬರೆದೆ.

ಹೆಬ್ಬೆಟ್ಟು ಒತ್ತೋ ಮುಂಚೆ ಓದಿಸಿ ಕೇಳೋದು ಅವಳ ಪದ್ಧತಿ. ಓದಿದೆ. ಆ ಸಾಲಿಗೆ ಕೈ ಎತ್ತಿದಳು.

"ಅದ್ ಸುಳ್ಳು. ನನ್ ಮಗ ಅವಸರಕ್ಕೆ ಕುರಿ ಸಾಯ್ಸೋನಲ್ಲ. ಯಾರೋ ದೊಡ್ಡೋರು ಹೇಳಿರ್ಬೇಕು, ಇಲ್ದಿದ್ರೆ ಬುಡಾಕಿಲ್ಲ ಅವ್ನು." ತಾನೇ ತಂದಿದ್ದ ಇಂಕ್ ಪ್ಯಾಡ್ ಮುಚ್ಚಿದಳು. "ಸುಳ್ಗೆ ನಾನು ಬೆಟ್ಟು ಒತ್ತಾಕಿಲ್ಲ. ನೀವು ರಾತ್ರಿ ಯೋಚ್ನೆ ಮಾಡಿ, ದಿಟ ಯಾವ್ದೋ ಅದನ್ನ ಬರ್ದಿಡಿ. ಬೆಳಿಗ್ಗೆ ಮೊದ್ಲ ಬಸ್ ಹೊತ್ಗೆ ಬತ್ತೀನಿ."

ನನ್ನನ್ನು ಅನುಮಾನಿಸಿ ಹೇಳಿದ ಮಾತಲ್ಲ. ಮೇಷ್ಟ್ರಿಗೆ ದಿಟ ಗೊತ್ತಿರುತ್ತೆ ಅನ್ನೋ ನಂಬಿಕೆ, ಅಷ್ಟೇ. ಅದಕ್ಕಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಜ. 6, ಸೋಮವಾರ, 6.20

ಬರೆದೆ. ಅರ್ಜಿ ಪೂರ್ತಿ ಹೊಸ ಹಾಳೆಯಲ್ಲಿ. ಬದಲಾದದ್ದು ಏಳನೇ ಸಾಲು ಒಂದೇ. ಅದನ್ನು ಬರೆಯೋಕೆ ನಾಲ್ಕು ಹಾಳೆ ಹರಿದೆ.

ನಯನ ಬಿಳಿ ಶರ್ಟ್ ಇಸ್ತ್ರಿ ಮಾಡಿಟ್ಟಿದ್ದಾಳೆ. ಒಂದು ಬ್ಯಾಗಿನಲ್ಲಿ ಟವೆಲ್, ಬಿಪಿ ಮಾತ್ರೆ, ಎರಡು ಜೊತೆ ಬಟ್ಟೆ. ನಾನು ಹೇಳಿರಲಿಲ್ಲ. ಮಾತ್ರೆ ಎಷ್ಟು ದಿನಕ್ಕೆ ಹಾಕಿದ್ದಾಳೆ ನೋಡಿದೆ — ಒಂದು ತಿಂಗಳಿಗೆ.

ಪುನೀತ್ ಹೆಸರು ಬರೆದಿಲ್ಲ. ಕೇಳುತ್ತಾರೆ. ಹೊಡೆದರೆ ತಡೆಯುತ್ತೇನೋ ಇಲ್ಲವೋ. ಚಿತ್ತೇಶ ತಡೆದ.

ಪೊಲೀಸರಿಗೆ ಹೇಳೋದು ಕಷ್ಟ ಅಂದುಕೊಂಡಿದ್ದೆ. ಅಲ್ಲ. ಜುಂಜಮ್ಮ ಬಂದಾಗಿದೆ. ಒಳಗೆ ಬಾರಮ್ಮ ಅಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತಿದ್ದಾಳೆ. ಕಂಬಳಿ ಮೇಲೆಲ್ಲಾ ಇಬ್ಬನಿ. ಇಂಕ್ ಪ್ಯಾಡ್ ಆಗಲೇ ತೆರೆದು ಹಿಡಿದಿದ್ದಾಳೆ.

"ಬರೆದ್ರಾ ಮೇಷ್ಟ್ರೆ? ಓದಿ ಮತ್ತೆ. ಬಸ್ ಬತ್ತದೆ."

ಒಂದು ನಿಮಿಷ ಅಂದಿದ್ದೇನೆ. ಆ ಒಂದು ನಿಮಿಷದಲ್ಲಿ ಇದನ್ನು ಬರೀತಿದ್ದೇನೆ. ಹೇಡಿ. ದನಿ ಬರುತ್ತೋ ಇಲ್ಲವೋ ಅಂತ ಆ ಸಾಲನ್ನು ಇಲ್ಲೇ ಒಂದು ಸಲ ಓದಿಕೊಳ್ಳುತ್ತೇನೆ, ಆಮೇಲೆ ಎದ್ದು ಹೋಗಿ ಅವಳೆದುರು.

"ಡಿಸೆಂಬರ್ ಹದಿನೈದನೇ ತಾರೀಖು ಭಾನುವಾರ, ಇಬ್ಬನಿ ಆರುವ ಮೊದಲು, ಬೇಡವೆಂದರೂ ಕೇಳದೆ ನನ್ನ ಮಗನ ಕೈಲಿ ಕುರಿ ಬಿಡಿಸಿದವರು, ಈ ಅರ್ಜಿಯನ್ನು ಬರೆದುಕೊಟ್ಟ —